ಎಚ್ಚರವೇ ಧ್ಯಾನ

ನಮ್ಮ ಮುಂಬಯಿಯ ಮಕ್ಕಳಿಗೆ ‘ಮೈಂಡ್‌ಫುಲ್‌ನೆಸ್’ ಎಂಬ ಮಾತು ಚಿರಪರಿಚಿತ. ಪಾಲಿ ಭಾಷೆಯ ‘ಸತಿ’ಗೆ ಇಂಗ್ಲಿಷಿನವರು ಕೊಟ್ಟ ಹೆಸರಿದು. ನಾನು ಕನ್ನಡದಲ್ಲಿ ‘ಎಚ್ಚರ’ ಎನ್ನುತ್ತೇನೆ. ನೀವು ಮನೆಯಿಂದ ಹೊರಡುವಾಗ ಅಮ್ಮಂದಿರು ಹೇಳುವ ಅದೇ ಮಾತು.

ಕಸಾರಾ ಘಾಟಿ ಹತ್ತಿದರೆ ಇಗತ್ಪುರಿ. ಅಲ್ಲಿ ಸತ್ಯನಾರಾಯಣ ಗೋಯೆಂಕಾ ಅವರು 1976ರಲ್ಲಿ ಆರಂಭಿಸಿದ ವಿಪಶ್ಯನಾ ಕೇಂದ್ರದಲ್ಲಿ ಹತ್ತು ದಿನಗಳ ಶಿಬಿರ ನಡೆಯುತ್ತದೆ. ಮೊದಲ ಮೂರು ದಿನ ಕಲಿಸುವುದು ಒಂದೇ: ಸಹಜವಾಗಿ ಆಡುವ ಉಸಿರನ್ನು ಗಮನಿಸುವುದು. ಮನಸ್ಸು ಓಡಿಹೋದರೆ ಬೇಸರಿಸದೆ ಮತ್ತೆ ಉಸಿರಿಗೆ ಕರೆತರಬೇಕು.

ಈ ಅಭ್ಯಾಸ ಅಡುಗೆಮನೆಯಲ್ಲೂ ಸಾಧ್ಯ. ಒಗ್ಗರಣೆ ಹಾಕುವಾಗ ಎಣ್ಣೆ ಕಾಯುವುದನ್ನು ನೋಡಿ, ಸಾಸಿವೆ ಸಿಡಿಯುವುದನ್ನು ಕೇಳಿ, ಇಂಗಿನ ಪರಿಮಳ ಗಮನಿಸಿ. ಮನಸ್ಸು ಬೇರೆಡೆ ಹೋದರೆ ಸಾಸಿವೆ ಸೀದು ತಾನೇ ತಿಳಿಸುತ್ತದೆ! ಲೋಕಲ್ ರೈಲಿನ ನೂಕುನುಗ್ಗಲಿನಲ್ಲೂ ಎರಡು ಸ್ಟೇಷನ್‌ಗಳ ನಡುವೆ ಉಸಿರನ್ನು ನೋಡಬಹುದು.

ಇದರಿಂದೇನು ಪ್ರಯೋಜನ ಎಂದು ಕೇಳುವಿರಿ. ನಮ್ಮ ಯಜಮಾನರಿಗೆ ಆಂಜಿಯೋಪ್ಲಾಸ್ಟಿ ಆದ ದಿನ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಉಸಿರನ್ನು ಗಮನಿಸುತ್ತ ಕುಳಿತಿದ್ದೆ. ಭಯ ಹೋಗಲಿಲ್ಲ, ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಆದರೆ ಡಾಕ್ಟರು ಹೊರಬಂದು ಮಾತ್ರೆ, ಪಥ್ಯಗಳ ವಿಷಯ ಹೇಳಿದಾಗ ಒಂದೊಂದು ಮಾತೂ ಮನಸ್ಸಿನಲ್ಲಿ ನಿಂತಿತು. ದೂರದಲ್ಲಿದ್ದ ಮಗನಿಗೆ ಫೋನಿನಲ್ಲಿ ಎಲ್ಲವನ್ನೂ ತಿಳಿಯಾಗಿ ಹೇಳಲು ಸಾಧ್ಯವಾಯಿತು.

ಧ್ಯಾನದಿಂದ ಕಷ್ಟಗಳು ದೂರವಾಗುತ್ತವೆಂದು ನಾನು ಹೇಳಲಾರೆ, ಮಕ್ಕಳೇ. ಕಷ್ಟ ಬಂದ ಹೊತ್ತಿನಲ್ಲಿ ನಮ್ಮವರ ಪಕ್ಕದಲ್ಲಿ ನಾವು ಪೂರ್ತಿಯಾಗಿ ಇರಬಲ್ಲೆವು, ಅಷ್ಟೇ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮೊಬೈಲನ್ನು ಒಳಗಿನ ಕೋಣೆಯಲ್ಲಿಡಿ. ಮೊದಲ ಐದು ತುತ್ತುಗಳನ್ನು ರುಚಿ ನೋಡಿ ತಿನ್ನಿ. ಅಲ್ಲಿಂದಲೇ ಆರಂಭವಾಗಲಿ.