ರಾಗಿ ಎದ್ದು ನಿಂತ ಅಂಗಳ

ಬೆಂಗಳೂರಿನ ನಮ್ಮ ಮನೆ ಮೂರನೇ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ಮೆಟ್ಟಿಲು ಒಟ್ಟು 54. ಇಷ್ಟು ಸರಿಯಾಗಿ ಲೆಕ್ಕ ಗೊತ್ತಿರೋದಕ್ಕೆ ಕಾರಣ ರಾಗಿ. 12 ವರ್ಷ ವಯಸ್ಸಿನ, 17 ಕೆಜಿ ತೂಕದ, ರಾಗಿಹಿಟ್ಟಿನ ಬಣ್ಣದ ನಮ್ಮ ಬೀದಿನಾಯಿ. ಕಳೆದ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ಅವಳ ಹಿಂಗಾಲು ಸೋತವು. ಸೊಂಟದ ಕೀಲು ಸವೆದಿದೆ, ಬೆನ್ನುಮೂಳೆಯಲ್ಲೂ ತೊಂದರೆ ಇದೆ ಅಂತ ಎಕ್ಸ್‌ರೇಯಲ್ಲಿ ಗೊತ್ತಾಯ್ತು. ಆಮೇಲಿಂದ ದಿನಕ್ಕೆ ನಾಲ್ಕು ಸಲ ಅವಳನ್ನ ಎತ್ಕೊಂಡು ಇಳಿಯೋದು, ಹತ್ತೋದು. ಕೊನೆಯ ಸಲ ರಾತ್ರಿ 11ಕ್ಕೆ, ಆಫೀಸಿನ ಕಾಲ್ ಮುಗಿದ ಮೇಲೆ.

ಡಾಕ್ಟರು ಇದ್ದದ್ದನ್ನ ಇದ್ದ ಹಾಗೇ ಹೇಳಿದ್ರು. "ಒಂದು ಕ್ಯಾಲೆಂಡರ್ ಇಟ್ಕೊಳ್ಳಿ. ಅವಳು ಊಟ ಮಾಡಿ, ಬಾಲ ಆಡಿಸಿ, ನೋವಿಲ್ಲದೆ ಮಲಗಿದ ದಿನಕ್ಕೆ ಸರಿ ಗುರುತು. ಇಲ್ಲದ ದಿನಕ್ಕೆ ತಪ್ಪು ಗುರುತು. ತಪ್ಪುಗಳೇ ಜಾಸ್ತಿ ಆಗ್ತಾ ಹೋದ್ರೆ ಬನ್ನಿ, ಕೂತು ಮಾತಾಡೋಣ." ಯಾವ ಮಾತು ಅಂತ ಅವರೂ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ನವೆಂಬರ್‌ನಲ್ಲಿ 11 ಸರಿ, 19 ತಪ್ಪು.

ಆ ಮಾತಿಗೆ ಹೋಗೋ ಮುಂಚೆ ಅವಳನ್ನ ಒಂದ್ಸಲ ಊರಿಗೆ ಕರ್ಕೊಂಡು ಹೋಗಬೇಕು ಅನ್ನಿಸ್ತು. ಮರಿಯಾಗಿದ್ದಾಗ ಒಂದು ರಜೆ ಪೂರ್ತಿ ಅವಳು ಓಡಾಡಿದ್ದು ತೀರ್ಥಹಳ್ಳಿ ಕಡೆಯ ದೊಡ್ಡಪ್ಪನ ಮನೆಯಲ್ಲೇ. ಡಿಸೆಂಬರ್ ಮೊದಲ ವಾರ ರಜೆ ಹಾಕಿದೆ. ತಮ್ಮ ಕಾರ್ ಓಡಿಸಿದ.

ಸುಮಾರು 350 ಕಿಲೋಮೀಟರ್ ದಾರಿ. ಹಿಂದಿನ ಸೀಟಿನ ಕಾಲಿಡೋ ಜಾಗಕ್ಕೆಲ್ಲ ಹಳೇ ದಿಂಬು ತುಂಬಿ ಸಮ ಮಾಡಿದ್ವಿ, ಬ್ರೇಕ್ ಹಾಕಿದಾಗ ಅವಳು ಉರುಳಬಾರದಲ್ಲ. ತಿಪಟೂರು, ಕಡೂರು, ತರೀಕೆರೆ ಅಂತ ಎರಡೆರಡು ಗಂಟೆಗೊಮ್ಮೆ ನಿಲ್ಲಿಸಿ, ಇಳಿಸಿ, ಮಗ್ಗುಲು ಬದಲಿಸಿ ಮತ್ತೆ ಮಲಗಿಸಿದ್ವಿ. ಒಂದೇ ಕಡೆ ಮಲಗಿದ್ರೆ ಮೂಳೆ ಒತ್ತಿ ಹುಣ್ಣಾಗುತ್ತೆ. ಶಿವಮೊಗ್ಗ ದಾಟಿದ ಮೇಲೆ ಸಕ್ರೆಬೈಲಿನ ಆನೆಗಳ ಸಹವಾಸ ಬೇಡ ಅಂತ ಮುಂದೆ ಹೋಗಿ, ತುಂಗೆ ಕಾಣೋ ಒಂದು ಕಡೆ ನಿಲ್ಲಿಸಿದೆವು. ರಾಗಿ ಮೂಗು ಎತ್ತಿ ಗಾಳಿ ಹಿಡಿದಳು. ಕಾಲು ಸೋತಿತ್ತು ನಿಜ, ಮೂಗು ಸೋತಿರಲಿಲ್ಲ. ಮಳೆಗಾಲದಲ್ಲಿ ಹಕ್ಕಿಗಳಿಂದ ತುಂಬೋ ಮಂಡಗದ್ದೆ ಈಗ ಖಾಲಿ ಹೊಡೀತಿತ್ತು.

ಮನೆ ಮುಟ್ಟಿದಾಗ ಸಂಜೆ. ದೊಡ್ಡಮ್ಮ ಜಗಲಿಗೆ ಬಂದು ನೋಡಿದ್ರು. "ಎಂತ ಮಾರಾಯ್ತಿ, ನಾಯೀನ ಬಾಣಂತಿ ಥರ ಎತ್ಕಂಡು ಬಂದಿದೀಯಲ್ಲ!"

ದೊಡ್ಡಮ್ಮನ ಮನೆಯಲ್ಲಿ ನಾಯಿಗೆ ಜಾಗ ಅಂಗಳ. ಹೆಚ್ಚೆಂದ್ರೆ ಜಗಲಿಯ ಮೂಲೆ. ಹೊಸಿಲು ದಾಟುವ ಹಾಗೇ ಇಲ್ಲ. ನನಗೆ ಬುದ್ಧಿ ಬಂದಾಗಿನಿಂದ ಇದೇ ಕಾನೂನು. ಅದಕ್ಕೇ ರಾಗಿಯನ್ನ ಅಂಗಳದಲ್ಲೇ ಇಳಿಸಿದೆ, ಚೀಲ ತರೋಕೆ ಕಾರಿನ ಹತ್ತಿರ ಹೋದೆ. ತಿರುಗಿ ನೋಡಿದ್ರೆ ಅವಳು ಎದ್ದು ನಿಂತಿದ್ದಾಳೆ.

ಪವಾಡ ಏನಿಲ್ಲ. ಹಿಂಗಾಲು ನಡುಗ್ತಿತ್ತು, ಸೊಂಟ ಒಂದು ಕಡೆ ವಾಲಿತ್ತು. ಆದ್ರೆ ಸಗಣಿ ಸಾರಿಸಿದ ಒರಟು ನೆಲದಲ್ಲಿ ಪಾದ ಜಾರಲಿಲ್ಲ. ಉಗುರು ಊರಿ ನಾಲ್ಕು ಹೆಜ್ಜೆ ಹಾಕಿದಳು, ಕೂತಳು, ಮತ್ತೆ ನಾಲ್ಕು ಹೆಜ್ಜೆ. ತಿಂಗಳುಗಟ್ಟಲೆ ನಾನು ಅವಳ ಕಾಲು ನೋಡಿದ್ದೆ, ಎಕ್ಸ್‌ರೇ ನೋಡಿದ್ದೆ. ನಮ್ಮನೆಯ ಕನ್ನಡಿಯಂಥ ಟೈಲ್ಸ್ ನೋಡಿರಲಿಲ್ಲ.

ಮಾರನೇ ದಿನದಿಂದ ಮನೆಯವರೆಲ್ಲ ಡಾಕ್ಟರಾದ್ರು. ದೊಡ್ಡಪ್ಪ ತಮ್ಮ ಬೈರಾಸನ್ನ ಉದ್ದಕ್ಕೆ ಮಡಿಸಿ, ಅವಳ ಹೊಟ್ಟೆ ಕೆಳಗೆ, ಹಿಂಗಾಲಿನ ಮುಂಭಾಗಕ್ಕೆ ತೂರಿಸಿ, ಎರಡೂ ತುದಿ ಮೇಲೆ ಹಿಡಿದು ನಡೆಸಿದ್ರು. ಬೆಂಗಳೂರಿನಲ್ಲಿ ಇದಕ್ಕೆಂದೇ ಪಟ್ಟಿ ಸಿಗುತ್ತೆ, ಕೆಲಸ ಒಂದೇ. ಅಡಿಕೆ ಕೊಯ್ಲಿನ ದಿನಗಳು. ಪಕ್ಕದ ಮನೆ ಹುಡುಗ ದೊಡ್ಡ ಹಾಳೆಯೊಂದನ್ನ ತಂದು ಅದರ ಮೇಲೆ ಅವಳನ್ನ ಕೂರಿಸಿ ಅಂಗಳದ ತುಂಬ ಎಳೆದ. ರಾಗಿ ಕಿವಿ ನೆಟ್ಟಗೆ ಮಾಡಿ ಜಂಬೂಸವಾರಿ ಹೊರಟವಳ ಹಾಗೆ ಕೂತಿದ್ದಳು. ಮೂರನೇ ಸುತ್ತಿಗೆ ಹಾಳೆ ಹರೀತು.

ದೊಡ್ಡಪ್ಪ ತಮ್ಮ ಮಂಡಿನೋವಿನ ಮಾತ್ರೆಯಲ್ಲಿ ಅರ್ಧ ಕೊಡೋಕೆ ಹೊರಟಾಗ ಮಾತ್ರ ನಾನು ಬಿಡಲಿಲ್ಲ. ನೀವೂ ನೆನಪಿಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನಮ್ಮ ನೋವಿನ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಕಿಡ್ನಿ ಕೆಡಿಸಿ ಜೀವಕ್ಕೇ ತರಬಹುದು. ನೋವಿಗೆ ನಾಯಿಗಳ ಔಷಧಿ ಬೇರೆ ಇದೆ, ಅದನ್ನೂ ಡಾಕ್ಟರು ತೂಕ ನೋಡಿ ಬರೆದುಕೊಡಬೇಕು.

ತೋಟದಾಚೆಯ ಕಾಡಂಚಿಗೂ ಅವಳನ್ನ ಬಿಡಲಿಲ್ಲ. 1957ರಲ್ಲಿ ಮಂಗನ ಕಾಯಿಲೆಯನ್ನ ಮೊದಲು ಗುರುತಿಸಿದ್ದು ಇದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಅದನ್ನ ಹರಡೋದು ಉಣ್ಣೆ, ಮತ್ತು ಅದರ ಕಾಲ ಶುರುವಾಗೋದೇ ಡಿಸೆಂಬರ್ ಸುಮಾರಿಗೆ. ನಾಯಿ ಮೈಮೇಲೆ ಹತ್ತಿದ ಉಣ್ಣೆ ನಮ್ಮ ಮನೆಯೊಳಗೂ ಬರುತ್ತೆ. ದಿನಾ ಸಂಜೆ ಕಿವಿ ಸಂದಿ, ಕಾಲ್ಬೆರಳ ಸಂದಿ ಹುಡುಕಿ ನೋಡೋದೇ ನನಗೊಂದು ಕೆಲಸ ಆಯ್ತು.

ಕುಪ್ಪಳಿ ಇಲ್ಲಿಂದ ದೂರವಿಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಗುತ್ತಿ ನೆನಪಿರಬಹುದು. ಸದಾ ಜೊತೆಗಿರೋ ಹುಲಿಯನಿಂದಾಗಿ ಊರೆಲ್ಲ ಅವನನ್ನ ನಾಯಿಗುತ್ತಿ ಅಂತಲೇ ಕರೀತಾರೆ. ನಾಯಿಯಿಂದ ಮನುಷ್ಯನಿಗೆ ಹೆಸರು ಬರೋ ಸೀಮೆ ಇದು. ಹಾಗಿದ್ರೂ ಹೊಸಿಲು ಹೊಸಿಲೇ.

ಎರಡನೇ ರಾತ್ರಿ ಊಟ ಆದ ಮೇಲೆ ದೊಡ್ಡಪ್ಪ ಹೇಳಿದ್ರು, "ಮೇಲಿನ ಮನೆ ನಾಯೀನ ಹೋದ ತಿಂಗಳು ಕುರ್ಕ ಹೊತ್ಕಂಡು ಹೋತು. ಅಂಗಳದಿಂದಲೇ." ಚಿರತೆಗೆ ಓಡುವ ನಾಯಿಯೇ ಸಿಗುತ್ತೆ ಅಂದ ಮೇಲೆ ಏಳೋಕೇ ಆಗದ ರಾಗಿ ಯಾವ ಲೆಕ್ಕ? "ನಾನು ಜಗಲಿಯಲ್ಲೇ ಅವಳ ಪಕ್ಕ ಮಲಗ್ತೀನಿ" ಅಂದೆ. ದೊಡ್ಡಮ್ಮ ಏನೂ ಹೇಳದೆ ಒಳಗೆ ಹೋದ್ರು. ಪಾತ್ರೆ ಎತ್ತಿಡೋ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಎರಡು ಗೋಣಿಚೀಲ ಹಿಡ್ಕೊಂಡು ಬಂದು ಬಚ್ಚಲುಮನೆ ದಾರಿಯಲ್ಲಿ ಹಾಸಿದ್ರು.

"ಒಳಗೆ ಕರ್ಕಂಡು ಬಾ. ಹಂಡೆ ಒಲೆ ಹತ್ರ ಬೆಚ್ಚಗೆ ಇರತ್ತೆ. ಅಡಿಗೆಮನೆ ಕಡೆ ಮಾತ್ರ ಬಿಡ್ಬೇಡ."

ಬೈರಾಸು ಹಿಡಿದು ಹೊಸಿಲು ದಾಟಿಸಿದೆ. ರಾಗಿಯೇ ಹೊಸಿಲ ಮುಂದೆ ಒಂದು ಗಳಿಗೆ ಅನುಮಾನಿಸಿದಳು, ಅವಳಿಗೂ ಕಾನೂನು ನೆನಪಿತ್ತೇನೋ.

ಮಾರನೇ ಬೆಳಗ್ಗೆಯಿಂದ ದೊಡ್ಡಮ್ಮನೇ ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ, ಮುಂಗೈ ಅದ್ದಿ ನೋಡಿ, ಬಟ್ಟೆ ಹಿಂಡಿ ಅವಳ ಸೊಂಟಕ್ಕೆ ಶಾಖ ಕೊಟ್ರು. ಚಳಿಗೆ ಬಿಗಿದುಕೊಳ್ಳೋ ಕೀಲಿಗೆ ಇದು ಹಿತ. ಆದ್ರೆ ಬಿಸಿ ಹದವಾಗಿರಲಿ. ಕಾಲಿನಲ್ಲಿ ಸ್ಪರ್ಶ ಕಮ್ಮಿಯಾದ ನಾಯಿಗೆ ಸುಟ್ಟರೂ ಗೊತ್ತಾಗಲ್ಲ.

ಊರಲ್ಲಿದ್ದ ಎಂಟು ದಿನಕ್ಕೆ ಆರು ಸರಿ, ಎರಡು ತಪ್ಪು. ಹೊರಡೋ ದಿನ ದೊಡ್ಡಮ್ಮ ಆ ಗೋಣಿಚೀಲಗಳನ್ನ ಕೊಡವಿ, ಮಡಿಸಿ ಕಾರಿಗೆ ಹಾಕಿದ್ರು.

ಬೆಂಗಳೂರಿಗೆ ಬಂದವಳು ಮೊದಲು ನೆಲ ಸರಿ ಮಾಡಿದೆ. ಅವಳ ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಬಟ್ಟಲಿನಿಂದ ಬಾಲ್ಕನಿಗೆ ಹಳೇ ಯೋಗ ಮ್ಯಾಟ್‌ಗಳ ರಸ್ತೆ ಹಾಕಿದೆ. ಪಾದದಡಿ ಬೆಳೆದಿದ್ದ ಕೂದಲು ಕತ್ತರಿಸಿದೆ, ಉಗುರು ತೆಗೆಸಿದೆ. ಬಗ್ಗದೆ ತಿನ್ನಲಿ ಅಂತ ಬಟ್ಟಲನ್ನ ಒಂದು ಮಣೆ ಮೇಲೇರಿಸಿದೆ. ಅನ್ನ ಕಮ್ಮಿ ಮಾಡಿದೆ, ಒಂದೊಂದು ಕೆಜಿ ಇಳಿದರೂ ಅವಳ ಕೀಲಿಗೂ ನನ್ನ ಬೆನ್ನಿಗೂ ಲಾಭ. ಈಗ ನೆಲಮಹಡಿಯ ಬಾಡಿಗೆ ಮನೆ ಹುಡುಕ್ತಿದ್ದೀನಿ. "ನಾಯಿ ಇದೆ" ಅಂದ ಕೂಡಲೇ ಓನರ್‌ಗಳ ಮುಖ ಹೇಗಾಗುತ್ತೆ ಅಂತ ನಿಮಗೆ ಗೊತ್ತು.

ಜನವರಿಯಲ್ಲಿ 18 ಸರಿ, 13 ತಪ್ಪು. ಕಾಯಿಲೆ ಎಲ್ಲೂ ಹೋಗಿಲ್ಲ. ಡಾಕ್ಟರ ಹತ್ತಿರ ಕೂತು ಮಾತಾಡೋ ದಿನ ಬಂದೇ ಬರುತ್ತೆ, ಆ ದಿನ ಹಟ ಮಾಡಿ ಅವಳನ್ನ ನರಳಿಸೋದಿಲ್ಲ ಅಂತ ನಿರ್ಧಾರ ಮಾಡಿದ್ದೀನಿ. ಆದ್ರೆ ಟೈಲ್ಸ್ ಮೇಲೆ ಜಾರಿ ಬಿದ್ದ ದಿನಗಳನ್ನೂ ಕಾಯಿಲೆಯ ಲೆಕ್ಕಕ್ಕೇ ಬರೆದು, ನವೆಂಬರ್‌ನಲ್ಲೇ ಆ ಮಾತಿಗೆ ಹೋಗಿಬಿಡ್ತಿದ್ದೆ ಅನ್ನೋದು ನೆನಪಾದ್ರೆ ಈಗಲೂ ಎದೆ ಝಲ್ಲೆನ್ನುತ್ತೆ.

ನಿನ್ನೆ ರಾತ್ರಿ ದೊಡ್ಡಮ್ಮ ಫೋನ್ ಮಾಡಿದ್ರು. ನನ್ನ ಆರೋಗ್ಯ, ಕೆಲಸ ಯಾವುದೂ ಕೇಳಲಿಲ್ಲ. ಮೊದಲನೇ ಪ್ರಶ್ನೆಯೇ, "ಅದು ಇವತ್ತು ಎದ್ದು ನಿಂತ್ಕಂತಾ?"

ನಿಂತಿದ್ದಳು. ಗೋಣಿಚೀಲದ ಮೇಲೆ.