ನವಣೆಯನ್ನು ಮರೆಯದ ಊರು ಪಿಂಗ್‌ಯಾವೋ

ಚೀನಾದವರೆಂದರೆ ಮೂರು ಹೊತ್ತೂ ಅನ್ನ ಉಣ್ಣುವವರು ಎಂದೇ ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಅದು ದಕ್ಷಿಣ ಚೀನಾದ ಮಾತು. ಉತ್ತರದ ಷಾನ್‌ಷಿ ಪ್ರಾಂತ್ಯಕ್ಕೆ ಹೋದರೆ ಅಡುಗೆಮನೆಯೇ ಬೇರೆ. ಮಳೆ ಕಡಿಮೆ, ಮಣ್ಣು ಅರಿಸಿನದ ಪುಡಿಯಂತೆ ಹಳದಿ. ಅಲ್ಲಿ ಗೋಧಿ, ನವಣೆ, ಜೋಳ, ಓಟ್ಸ್ ಇವುಗಳದ್ದೇ ರಾಜ್ಯ. ನಮ್ಮ ಚಳ್ಳಕೆರೆ ಸೀಮೆಯ ಹೆಣ್ಣುಮಗಳು ಯಾರೇ ಹೋದರೂ ‘ಇದು ನಮ್ಮ ಕಡೆಯ ಊಟವೇ ಅಲ್ಲವೇ’ ಎಂದಾಳು.

2019ರ ಸೆಪ್ಟೆಂಬರಿನಲ್ಲಿ ನಾನೂ ನಮ್ಮವರೂ ಬೀಜಿಂಗಿಗೆ ಹೋಗಿದ್ದೆವು. ನಾದಿನಿಯ ಮಗ ಆಗ ಅಲ್ಲಿ ಕೆಲಸದಲ್ಲಿದ್ದ. ಭಾಷೆಯನ್ನೂ ಕಲಿತಿದ್ದ. ಅವನೇ ನಮ್ಮನ್ನು ರೈಲಿನಲ್ಲಿ ಸುಮಾರು ನಾಲ್ಕು ಗಂಟೆ ದೂರದ ಪಿಂಗ್‌ಯಾವೋಗೆ ಕರೆದೊಯ್ದ. ಪಿಂಗ್‌ಯಾವೋ ಒಂದು ಕೌಂಟಿ, ಅಂದರೆ ನಮ್ಮ ತಾಲ್ಲೂಕಿನಂಥದು. ಹಳೆಯ ಊರಿನ ಸುತ್ತ ಸುಮಾರು ಆರು ಕಿಲೋಮೀಟರ್ ಉದ್ದದ ಕೋಟೆಗೋಡೆ ಇದೆ. 1370ರಲ್ಲಿ ಅದನ್ನು ಇಟ್ಟಿಗೆಯಿಂದ ಕಟ್ಟಿ ಬಲಪಡಿಸಿದರಂತೆ. ಹುಂಡಿ ವ್ಯವಹಾರ ಮಾಡುತ್ತಿದ್ದ ಚೀನಾದ ಮೊದಲ ಬ್ಯಾಂಕು 1823ರಲ್ಲಿ ಶುರುವಾದದ್ದೂ ಇಲ್ಲೇ. 1997ರಲ್ಲಿ ಊರಿಗೆ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಇದನ್ನೆಲ್ಲ ನೋಡಲು ಒಂದು ದಿನ ಸಾಕು. ನಾವು ಮೂರು ದಿನ ನಿಂತದ್ದು ಊಟದ ರುಚಿಗೆ.

ಇಳಿದುಕೊಂಡಿದ್ದುದು ಒಂದು ತೊಟ್ಟಿಮನೆಯಲ್ಲಿ. ಮೊದಲ ಬೆಳಗ್ಗೆ ಮನೆಯೊಡತಿ ಬಟ್ಟಲು ತುಂಬ ಹಳದಿ ಗಂಜಿ ತಂದಿಟ್ಟರು. ಬಾಯಿಗಿಟ್ಟರೆ ನಮ್ಮ ನವಣೆ! ‘ಅತ್ತೇ, ಇದಕ್ಕೆ ಇವರು ಷಿಯಾವೋಮಿ ಅಂತಾರೆ. ಸಣ್ಣ ಅಕ್ಕಿ ಅಂತ ಅರ್ಥ’ ಅಂದ ಹುಡುಗ. ಆ ಹೆಸರಿನ ಮೊಬೈಲು ನಮ್ಮೂರ ಅಂಗಡಿಗಳಲ್ಲೂ ಇದೆ, ಆದರೆ ಅದು ನವಣೆ ಎಂದು ಯಾರಿಗೆ ಗೊತ್ತು! ನವಣೆಯನ್ನು ಮೊದಲು ಬಿತ್ತಿ ಬೆಳೆದವರು ಉತ್ತರ ಚೀನಾದ ಜನ. ಅದಕ್ಕೆ ಸುಮಾರು ಎಂಟು ಸಾವಿರ ವರ್ಷ ಆಗಿದೆಯಂತೆ. ಇಂದಿಗೂ ಅಲ್ಲಿ ಬಾಣಂತಿಗೆ ಕೊಡುವುದು ಬೆಲ್ಲದಂಥ ಕೆಂಪು ಸಕ್ಕರೆ ಬೆರೆಸಿದ ನವಣೆ ಗಂಜಿಯನ್ನೇ. ಸಣ್ಣ ಉರಿಯಲ್ಲಿ ಕುದಿಸಿ ಕುದಿಸಿ, ಮೇಲೆ ಕೆನೆಯಂಥ ಪದರ ಕಟ್ಟಿದರೆ ಗಂಜಿ ಹದವಾಯಿತೆಂದು ಲೆಕ್ಕ.

ಎರಡನೆಯ ದಿನ ಓಟ್ಸ್ ಹಿಟ್ಟಿನ ಕಾವ್‌ಲಾವ್‌ಲಾವ್ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಈ ಧಾನ್ಯ ಮೂರು ಸಲ ಬೇಯಬೇಕು. ಹಿಟ್ಟು ಮಾಡಿಸುವ ಮೊದಲು ಕಾಳನ್ನು ಹುರಿಯುತ್ತಾರೆ. ನಾದುವಾಗ ಕುದಿಯುವ ನೀರನ್ನೇ ಸುರಿಯುತ್ತಾರೆ, ನಮ್ಮ ರೊಟ್ಟಿ ಹಿಟ್ಟಿನ ಹಾಗೆ. ಕಡೆಗೆ ಹಬೆಯಲ್ಲಿ ಬೇಯಿಸುತ್ತಾರೆ. ಆಕೆ ನಿಂಬೆಕಾಯಿಗಿಂತ ಚಿಕ್ಕ ಉಂಡೆಯನ್ನು ನುಣುಪು ಕಲ್ಲಿನ ಮೇಲಿಟ್ಟು ಅಂಗೈಯಿಂದ ಮುಂದಕ್ಕೆ ಒಮ್ಮೆ ಒತ್ತಿದರು. ನಾಲಗೆಯಂಥ ತೆಳ್ಳನೆ ಹಾಳೆ ಎದ್ದು ಬಂತು. ಅದನ್ನು ತೋರುಬೆರಳಿಗೆ ಸುತ್ತಿ ಕೊಳವೆ ಮಾಡಿ ಬಿದಿರಿನ ಹಬೆತಟ್ಟೆಯಲ್ಲಿ ನಿಲ್ಲಿಸಿದರು. ಒಂದಕ್ಕೊಂದು ತಾಗಿಸಿ ತಟ್ಟೆ ತುಂಬಿಸಿದಾಗ ಥೇಟ್ ಜೇನುಹುಟ್ಟು! ಹತ್ತು ನಿಮಿಷ ಹಬೆ ಸಾಕು. ಟೊಮ್ಯಾಟೊ ಗೊಜ್ಜಿನಲ್ಲೋ ವಿನಿಗರಿನಲ್ಲೋ ಅದ್ದಿ ತಿನ್ನುವುದು. ಹೊಟ್ಟೆಯಲ್ಲಿ ಉಬ್ಬುತ್ತದೆ, ಅರೆಹೊಟ್ಟೆಗೇ ನಿಲ್ಲಿಸಿ ಎಂದು ಎಚ್ಚರಿಸಿಯೇ ಬಡಿಸುತ್ತಾರೆ.

ಒಂದೇ ಹಿಟ್ಟಿಗೆ ಎಷ್ಟು ರೂಪ ಅಂತೀರಿ! ಕಡಲೆಕಾಳಿನಷ್ಟು ಕಣಕವನ್ನು ಹೆಬ್ಬೆರಳಿನಿಂದ ಒತ್ತಿ ಸುರುಳಿಸಿದರೆ ‘ಬೆಕ್ಕಿನ ಕಿವಿ’. ಕಣಕದ ದೊಡ್ಡ ಮುದ್ದೆಯನ್ನು ತೋಳಿನ ಮೇಲಿಟ್ಟುಕೊಂಡು, ಬಾಗಿದ ತಗಡಿನಿಂದ ಸರಸರನೆ ಕೆತ್ತಿ ಕುದಿಯುವ ನೀರಿಗೆ ಹಾರಿಸಿದರೆ ಕೆತ್ತಿದ ಶಾವಿಗೆ. ಜೋಳದ ಹಿಟ್ಟಿನಂಥ ಅಂಟಿಲ್ಲದ ಹಿಟ್ಟಿಗೆ ಮರದ ಒರಳು ಇದೆ. ನಮ್ಮ ಶಾವಿಗೆ ಒರಳಿನ ಅಣ್ಣತಮ್ಮನೇ ಅದು. ಒತ್ತಿದ ಎಳೆ ನೇರವಾಗಿ ಕುದಿನೀರಿಗೇ ಇಳಿಯುತ್ತದೆ. ಬೇಯಿಸಿದ ನೀರನ್ನು ಚೆಲ್ಲುವುದಿಲ್ಲ. ಊಟವಾದ ಮೇಲೆ ಅದನ್ನೇ ಬಟ್ಟಲಿಗೆ ಬಗ್ಗಿಸಿ ಬಿಸಿಬಿಸಿಯಾಗಿ ಕುಡಿಯುತ್ತಾರೆ, ನಾವು ಅನ್ನದ ಗಂಜಿ ಕುಡಿದ ಹಾಗೆ.

ಎಲ್ಲದರ ಮೇಲೂ ವಿನಿಗರ್ ಬೀಳಲೇಬೇಕು. ನಮ್ಮ ಅಂಗಡಿಯ ಬಿಳಿ ವಿನಿಗರ್ ಅಲ್ಲ ಇದು. ಜೋಳ, ಬಾರ್ಲಿ, ಬಟಾಣಿ ಹುದುಗಿಸಿ ಮಾಡಿದ್ದು, ಬಣ್ಣ ಕಾಫಿ ಡಿಕಾಕ್ಷನ್ನಿನದು. ಬೇಸಿಗೆಯಲ್ಲಿ ಜಾಡಿಗಳನ್ನು ಬಿಸಿಲಿಗಿಡುತ್ತಾರೆ, ಚಳಿಗಾಲದಲ್ಲಿ ಮೇಲೆ ಕಟ್ಟಿದ ಮಂಜುಗಡ್ಡೆ ತೆಗೆದು ಬಿಸಾಡುತ್ತಾರೆ. ಹೀಗೆ ನೀರಿನಂಶ ಕಳೆದು, ವರ್ಷಗಟ್ಟಲೆ ಮಾಗಿ ಹುಳಿ ಗಟ್ಟಿಯಾಗುತ್ತದೆ. ಕೊನೆಯಲ್ಲಿ ಸಣ್ಣ ಸಿಹಿಯೂ ಇದೆ.

ಊರಿಗೆ ಹೆಸರು ತಂದಿರುವುದು ಉಪ್ಪು ಹಾಕಿ ಬೇಯಿಸಿದ ಗೋಮಾಂಸ. ಬೀದಿಯುದ್ದಕ್ಕೂ ಅದರ ಅಂಗಡಿಗಳಿವೆ. ಸಸ್ಯಾಹಾರಿಗಳು ‘ಮಾಂಸ, ಮೀನು, ಮೊಟ್ಟೆ ಬೇಡ’ ಎಂದು ಚೀನೀ ಲಿಪಿಯಲ್ಲಿ ಬರೆಸಿದ ಚೀಟಿ ಇಟ್ಟುಕೊಂಡರೆ ಪೇಚಾಟವಿಲ್ಲ.

ಹೊರಡುವ ಹಿಂದಿನ ಸಂಜೆ ಮನೆಯೊಡತಿಯನ್ನು ಕೇಳಿದೆ, ‘ಸೊಸೆಗೆ ಇದೆಲ್ಲ ಬರುತ್ತದೆಯೇ?’ ಆಕೆ ನಕ್ಕರು. ಸೊಸೆ ಪಟ್ಟಣದಲ್ಲಿ ನೌಕರಿ ಮಾಡುತ್ತಾಳಂತೆ, ಎಲ್ಲವೂ ಪ್ಯಾಕೆಟ್ಟಿನಲ್ಲೇ ಸಿಗುತ್ತದಂತೆ. ‘ಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತೆ, ಕೈ ಬರೋದಿಲ್ಲವಲ್ಲ’ ಅಂದರು. ಹುಡುಗ ಅದನ್ನು ಕನ್ನಡಕ್ಕೆ ತಂದು ಹೇಳಿದಾಗ ನನಗೆ ನಮ್ಮತ್ತೆಯೇ ಮಾತಾಡಿದಂತಾಯಿತು.

ಸೋದರಿಯರೇ, ನಮ್ಮ ಕಡೆಯೂ ನವಣೆ ಇತ್ತು, ಸಾಮೆ ಇತ್ತು. ಬಿಳಿ ಅಕ್ಕಿ ಮನೆಮನೆಗೆ ಬಂದ ಮೇಲೆ ನವಣೆ ಅನ್ನ ಬಡವರ ಊಟವಾಯಿತು, ನೆಂಟರು ಬಂದಾಗ ಒಳಕೋಣೆ ಸೇರಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು, ಅದೂ ಭಾರತದ ಸಲಹೆಯಂತೆ. ಈಗ ಅದೇ ನವಣೆಯನ್ನು ಅಕ್ಕಿಗಿಂತ ಹೆಚ್ಚು ಬೆಲೆ ಕೊಟ್ಟು ತರುತ್ತೇವೆ. ತಂದದ್ದನ್ನು ಹದವಾಗಿ ಬೇಯಿಸಬಲ್ಲ ಅಜ್ಜಿಯರು ಊರೂರಲ್ಲಿ ಇನ್ನೂ ಇದ್ದಾರೆ. ಪಿಂಗ್‌ಯಾವೋದಲ್ಲಿ ಒರಟು ಧಾನ್ಯವನ್ನೇ ಅತಿಥಿಯ ಮುಂದೆ ಮೊದಲು ಇಡುತ್ತಾರೆ. ನಾವೂ ಹಾಗೆ ಇಡೋಣ. ಅಜ್ಜಿಯರ ಪಕ್ಕದಲ್ಲಿ ಮಗಳನ್ನೂ ಮಗನನ್ನೂ ಒಂದು ಸಲ ಕೂರಿಸೋಣ.

ನಮ್ಮ ಒಲೆಯ ಮೇಲೆ ಸುಲಭವಾಗಿ ಆಗುವ ಅಲ್ಲಿನ ಒಂದು ತಿಂಡಿಯನ್ನು ಕೊಡುತ್ತಿದ್ದೇನೆ.

ವಾನ್‌ತುವೊ (ಹಬೆ ಹಿಟ್ಟಿನ ಪಟ್ಟಿ)

ಬೇಕಾಗುವ ಸಾಮಾನು: ಮೈದಾ 2 ಲೋಟ, ನೀರು ಸುಮಾರು 2¼ ಲೋಟ, ಉಪ್ಪು 1 ಚಮಚ, ಎಣ್ಣೆ 2 ಚಮಚ. ಒಗ್ಗರಣೆಗೆ ಬೆಳ್ಳುಳ್ಳಿ 8 ಎಸಳು, ಒಣಮೆಣಸಿನ ಪುಡಿ 1 ಚಮಚ, ಎಳ್ಳು 1 ಚಮಚ, ಎಣ್ಣೆ 3 ಚಮಚ, ವಿನಿಗರ್ 2 ಚಮಚ, ಕೊತ್ತಂಬರಿ ಸೊಪ್ಪು.

ಮಾಡುವ ಬಗೆ: ಮೈದಾಗೆ ಉಪ್ಪು, ಎಣ್ಣೆ ಸೇರಿಸಿ, ಮೊದಲು ಸ್ವಲ್ಪವೇ ನೀರು ಹಾಕಿ ಗಟ್ಟಿಯಾಗಿ ನಾದಿ. ಆಮೇಲೆ ಉಳಿದ ನೀರನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಹೀಗೆ ಮಾಡಿದರೆ ಗಂಟಾಗುವುದಿಲ್ಲ. ಅರ್ಧ ಗಂಟೆ ಬಿಡಿ. ತಟ್ಟೆ ಇಡ್ಲಿಯ ತಟ್ಟೆಗೆ ಎಣ್ಣೆ ಸವರಿ, ಬೆರಳ ದಪ್ಪಕ್ಕಿಂತ ತೆಳುವಾಗಿ ಹೊಯ್ದು ಹಬೆಗಿಡಿ. ಎರಡು ನಿಮಿಷದ ನಂತರ ಒಮ್ಮೆ ಕದಡಿ, ಹಿಟ್ಟು ತಳ ಕಟ್ಟದಿರಲಿ. ಮತ್ತೆ 15 ನಿಮಿಷ ಬೇಯಿಸಿ. ಪೂರ್ತಿ ಆರಿದ ಮೇಲೆ ಬಿಡಿಸಿ ಉದ್ದಕ್ಕೆ ಕತ್ತರಿಸಿ. ಎಣ್ಣೆ ಕಾಯಿಸಿ, ಜಜ್ಜಿದ ಬೆಳ್ಳುಳ್ಳಿ, ಮೆಣಸಿನ ಪುಡಿ, ಎಳ್ಳಿನ ಮೇಲೆ ಸುರಿದು, ವಿನಿಗರ್ ಬೆರೆಸಿ, ಪಟ್ಟಿಗಳಿಗೆ ಕಲಸಿ ಕೊತ್ತಂಬರಿ ಉದುರಿಸಿ. ವಿನಿಗರ್ ಇಲ್ಲದಿದ್ದರೆ ನಿಂಬೆರಸ ಆದೀತು. ಮಿಕ್ಕದ್ದನ್ನು ಮರುದಿನ ಆಲೂಗಡ್ಡೆ, ಮೊಳಕೆಕಾಳಿನ ಜೊತೆ ಬಾಣಲೆಯಲ್ಲಿ ಹುರಿಯಿರಿ. ಅಲ್ಲಿಯವರೂ ಹೀಗೆಯೇ ಹುರಿದು ತಿನ್ನುತ್ತಾರೆ.