ಹರಿಗೋಲಿನಲ್ಲಿ ಜಾಗ

ವಿದ್ಯಾರ್ಥಿನಿಲಯದ ನಮ್ಮ ಕೋಣೆಯಲ್ಲಿ ನಾವು ಮೂವರು: ಆಳಂದದವನೊಬ್ಬ, ಜೇವರ್ಗಿಯವನೊಬ್ಬ, ಅಫಜಲಪುರ ತಾಲೂಕಿನ ಭೀಮಾತೀರದ ನಾನು. ಅವರ ಸಾಮಾನು ಮಂಚದ ಕೆಳಗಿನಿಂದ ಹೊರಟು ಬಾಗಿಲವರೆಗೆ ಬಂದಿದೆ. ನನ್ನದೆಲ್ಲ ಒಂದೇ ಟ್ರಂಕಿನಲ್ಲಿ ಅಡಗಿದೆ. ಈ ವಿದ್ಯೆಯನ್ನು ಎಲ್ಲಿ ಕಲಿತೆಯೆಂದು ಗೆಳೆಯರು ಕೇಳುತ್ತಾರೆ. ಹರಿಗೋಲಿನಲ್ಲಿ ಎಂದರೆ ನಗುತ್ತಾರೆ. ನಗುವವರಿಗಾಗಿಯೇ ಈ ನಾಲ್ಕು ಮಾತು.

ಹರಿಗೋಲೆಂದರೆ ಬಿದಿರಿನಿಂದ ಹೆಣೆದ ದೊಡ್ಡ ಬುಟ್ಟಿ. ಹಿಂದೆ ಅದಕ್ಕೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಸಾಮಾನು ತಳ್ಳಿಡಲು ಒಂದು ಮೂಲೆಯೂ ಇಲ್ಲ. ಶಾಲೆಯ ಮೆಟ್ಟಿಲು ಹತ್ತದ ನನ್ನ ತಂದೆ ಅದರಲ್ಲಿ ಮೀನು ಹಿಡಿದೇ ನನ್ನನ್ನು ಬಿ.ಎ. ತರಗತಿಯವರೆಗೆ ತಂದರು.

ಮಹಾರಾಷ್ಟ್ರದಲ್ಲಿ ಮಳೆ ಸುರಿದು ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ನಮ್ಮ ಹೊಲಗಳೇ ಹೊಳೆಯಾಗುತ್ತವೆ. 2020ರ ಅಕ್ಟೋಬರಿನಲ್ಲಿ ಹಾಗೆಯೇ ಆಯಿತು. ನಾನಾಗ ಹತ್ತನೆಯ ತರಗತಿ. ತಂದೆ ಅಜ್ಜಿಯನ್ನು ಕರೆತರಲು ಹೋದಾಗ ಸಾಮಾನು ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಜೋಳದ ಚೀಲವನ್ನು ಒಂದು ಅಂಚಿಗಿಟ್ಟು, ಅದರ ಮೇಲೆ ಪುಸ್ತಕದ ಟ್ರಂಕು, ಟ್ರಂಕಿನ ಮೇಲೆ ಡಬರಿಗಳನ್ನು ಪೇರಿಸಿದೆ. ಹರಿಗೋಲು ಒಂದೇ ಕಡೆ ವಾಲಿತು.

"ತಮ್ಮಾ, ಇದೇನು ಬಣವಿ ಒಟ್ಟೀದಿ? ಅಜ್ಜಿ ಎಲ್ಲಿ ಕೂಡಬೇಕು?" ಎನ್ನುತ್ತ ತಂದೆ ಎಲ್ಲವನ್ನೂ ಇಳಿಸಿದರು. ಜೋಳದ ಚೀಲ ನಡುವೆ ಮಲಗಿತು; ಅದೇ ಅಜ್ಜಿಯ ಆಸನವಾಯಿತು. ಬರಿದಾದ ಡಬರಿಗಳಲ್ಲಿ ನನ್ನ ಪುಸ್ತಕಗಳನ್ನಿಟ್ಟು ಮುಚ್ಚಳ ಬಿಗಿದರು. ಟ್ರಂಕು ಮನೆಯಲ್ಲೇ ಉಳಿಯಿತು. ಹಾಸಿಗೆ ಬಟ್ಟೆಗಳು ಅಂಚಿನ ಸುತ್ತ ಕುಳಿತವು. ಅಷ್ಟರಲ್ಲಿ ನೀರು ಹೊಸ್ತಿಲಿಗೆ ಬಂದಿತ್ತು. ಆಗ ನನಗೆ ಬಲೆಯ ನೆನಪಾಯಿತು. ತಂದೆಯ ಕಾಲ ಬಳಿ ಮೊಳದಷ್ಟು ಜಾಗವಿತ್ತು, ಅಲ್ಲಿಡೋಣವೆಂದೆ. "ಅದು ಖಾಲಿ ಅಲ್ಲೋ, ನೀರ ತೋಡೂ ಜಾಗ" ಎಂದು ಹುಟ್ಟು ಹಾಕಿದರು. ಬಲೆ ಮನೆಯ ತೊಲೆಗೆ ನೇತಾಡುತ್ತ ಉಳಿಯಿತು.

ಮರಳಿ ಬಂದಾಗ ಮಣ್ಣಿನ ಗೋಡೆ ಕುಸಿದಿತ್ತು. ಬಲೆ ಕೆಸರಿನಡಿ ಚಿಂದಿಯಾಗಿತ್ತು. ನಾನು ಅಡ್ಡಾದಿಡ್ಡಿ ತುಂಬಿ ಹಾಳುಮಾಡಿದ ಹೊತ್ತೇ ಅದನ್ನು ನುಂಗಿತ್ತು. "ಪುಸ್ತಕ ಬಿಟ್ಟು ಬಲಿ ತರಬೇಕಾಗಿತ್ತು, ಅಪ್ಪಾ" ಎಂದೆ. "ಬಲಿ ಮತ್ತ ಹೆಣೀಬಹುದು" ಎಂದರು. ಆ ವರ್ಷ ಅವರು ಕಬ್ಬು ಕಡಿಯುವ ಕೂಲಿಗೆ ಹೋದರು.

ಮುಂದೆ ಗ್ರಂಥಾಲಯದಲ್ಲಿ ಹಾಯಿಹಡಗುಗಳ ವಿಷಯ ಓದಿದೆ. ಅಲ್ಲಿಯೂ ಭಾರವೆಲ್ಲ ತಳಕ್ಕೆ; ಇಲ್ಲವಾದರೆ ಗಾಳಿಗೆ ಹಡಗು ಮಗುಚುತ್ತದೆ. ಕಡಲು ಕಾಣದ ತಂದೆಗೆ ಇದನ್ನು ಯಾರು ಕಲಿಸಿದರೋ!

2025ರ ಸೆಪ್ಟೆಂಬರಿನಲ್ಲಿ ಭೀಮೆ ಮತ್ತೆ ಉಕ್ಕಿದಾಗ ನಾನು ಊರಲ್ಲಿದ್ದೆ. ಈ ಸಲ ಮೊಟ್ಟಮೊದಲು ಬಲೆಯನ್ನು ತಳದಲ್ಲಿ ಹಾಸಿದೆ. ಅದರ ಮೇಲೆ ಜೋಳದ ಚೀಲ, ಡಬರಿಗಳೊಳಗೆ ಕಾಗದಪತ್ರ. ಕಾಲ ಬಳಿ ಮೊಳ ಜಾಗ ಬಿಟ್ಟೆ. ತಂದೆ ಸುತ್ತ ಒಮ್ಮೆ ನೋಡಿದರು, ಏನನ್ನೂ ಇಳಿಸಲಿಲ್ಲ. ಯಾವ ಪರೀಕ್ಷೆಯೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ.

ಗೆಳೆಯರೇ, ನನ್ನ ಟ್ರಂಕಿನಲ್ಲಿ ಈಗಲೂ ಒಂದು ಮೂಲೆ ಬರಿದಾಗಿದೆ. ನಿಮ್ಮ ಸಾಮಾನನ್ನು ಅಲ್ಲಿ ತುರುಕಬೇಡಿ. ಅದು ತಾಯಿ ಕಟ್ಟಿಕೊಡುವ ರೊಟ್ಟಿಯ ಗಂಟಿಗೆ ಮೀಸಲು.